ಟಾರ್ಪಾಲಿಗೆ ಮೇಣ ಬೆರೆಸಿದ್ದಾರಾ?

ಗುಂಪು: ತೀರ್ಥಹಳ್ಳಿ ಮನೆಮಂದಿ

ಚಿಕ್ಕಪ್ಪ: (ಫಾರ್ವರ್ಡ್) ರೈತರೇ ಎಚ್ಚರ!! ಟಾರ್ಪಾಲಿಗೆ ಮೇಣ ಬೆರೆಸುತ್ತಿದ್ದಾರೆ. ಅದಕ್ಕೇ ಒಂದೇ ಬೇಸಿಗೆಗೆ ಪುಡಿಯಾಗುತ್ತಿದೆ. ಎಲ್ಲರಿಗೂ ತಲುಪಿಸಿ 🙏

ಚಿಕ್ಕಪ್ಪ: ನೋಡಿ, ಸೌದೆ ಮೇಲೆ ಹೊದೆಸಿದ್ದು ಮುಟ್ಟಿದರೆ ಚೂರು ಚೂರು. ಅಂಗಡಿಯವನು ಟೋಪಿ ಹಾಕಿದ.

ಅತ್ತೆ: ನಮ್ಮಲ್ಲೂ ಅದೇ ಕಥೆ. ಅಂಗಳದ ತುಂಬ ನೀಲಿ ಚೂರು. ದನ ತಿಂದರೆ ಅಂತ ಭಯ.

ತಂಗಿ (ಶಂಕರಘಟ್ಟ): ಚಿಕ್ಕಪ್ಪ, ಸೌದೆ ಅಡಿಗೆ ಮಡಚಿ ಸಿಕ್ಕಿಸಿದ ಅಂಚು ಇದೆಯಲ್ಲ, ಬಿಸಿಲು ಕಾಣದ್ದು? ಅದನ್ನು ಎಳೆದು ನೋಡಿ.

ಚಿಕ್ಕಪ್ಪ: ಎಳೆದೆ. ಹರಿಯಲಿಲ್ಲ. ಏನೀಗ?

ತಂಗಿ: ಮೇಣ ಬೆರೆಸಿದ್ದರೆ ಅದೂ ಪುಡಿಯಾಗಬೇಕಿತ್ತಲ್ವಾ?

ನಾನು: 😂

ಭಾವ: ಹಾಗಾದರೆ ಮೇಣದ ಮಾತೆಲ್ಲ ಸುಳ್ಳು ಅನ್ನು.

ತಂಗಿ: ಬೆರೆಸಿದ್ದು ಸುಳ್ಳು. ಸಂಬಂಧ ಇರೋದು ನಿಜ, ಭಾವ. ಮೇಣದಬತ್ತಿಯ ಮೇಣ, ಟಾರ್ಪಾಲಿನ ಪಾಲಿಥಿನ್ ಎರಡೂ ಕಾರ್ಬನ್, ಹೈಡ್ರೋಜನ್ ಪರಮಾಣುಗಳ ಸರಪಳಿಗಳೇ. ಮೇಣದ್ದರಲ್ಲಿ ಸಾಮಾನ್ಯವಾಗಿ 20ರಿಂದ 40 ಕಾರ್ಬನ್. ಪಾಲಿಥಿನ್‌ನಲ್ಲಿ ಸಾವಿರಗಟ್ಟಲೆ. ಗಿಡ್ಡ ಸರಪಳಿಗಳು ಸುಮ್ನೆ ಪಕ್ಕಪಕ್ಕ ಇರುತ್ತವೆ, ಒತ್ತಿದರೆ ಬೇರೆಯಾಗುತ್ತವೆ. ಉದ್ದದವು ಒಂದರೊಳಗೊಂದು ಸಿಕ್ಕಾಗುತ್ತವೆ. ಬೇಲಿಗೆ ಹಬ್ಬಿದ ಬಳ್ಳಿ ಎಳೆದರೆ ಇಡೀ ಪೊದೆ ಬರುತ್ತಲ್ಲ, ಹಾಗೆ. ಕತ್ತಿಯಿಂದ ಕೊಚ್ಚಿ ಹಾಕಿದರೆ ಚೂರು ಮಾತ್ರ ಕೈಗೆ ಬರುತ್ತದೆ.

ಚಿಕ್ಕಪ್ಪ: ಇಲ್ಲಿ ಕೊಚ್ಚಿದವರು ಯಾರು?

ತಂಗಿ: ಬಿಸಿಲು. ಅದರ ನೇರಳಾತೀತ ಕಿರಣ, ಜೊತೆಗೆ ಗಾಳಿಯ ಆಮ್ಲಜನಕ. ಸರಪಳಿ ನಡುನಡುವೆ ತುಂಡಾಗುತ್ತದೆ. ತೂಕ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ಸಿಕ್ಕು ಬಿಟ್ಟುಹೋಗಿರುತ್ತದೆ. ಆಮೇಲೆ ಪ್ಲಾಸ್ಟಿಕ್ ಹಿಗ್ಗುವುದಿಲ್ಲ, ಸೀಳುತ್ತದೆ.

ಭಾವ: ಸಿಕ್ಕೇ ಗಟ್ಟಿತನ ಅಂದರೆ ಎಲ್ಲದಕ್ಕೂ ಇನ್ನೂ ಉದ್ದದ ಸರಪಳಿ ಹಾಕಲಿ. ಕಂಪನಿಗೆ ದುಡ್ಡಿನಾಸೆ, ಅಷ್ಟೇ.

ತಂಗಿ: ದುಡ್ಡೊಂದೇ ಅಲ್ಲ. ಸಿಕ್ಕಾದ ಸರಪಳಿಯ ಉದ್ದ ಎರಡು ಪಟ್ಟಾದರೆ, ಕರಗಿಸಿದ ಪ್ಲಾಸ್ಟಿಕ್ ಸುಮಾರು ಹತ್ತು ಪಟ್ಟು ಮಂದವಾಗುತ್ತದೆ. ಯಂತ್ರದಲ್ಲಿ ಹರಿಯಬೇಡವಾ? ಸಿಕ್ಕಿನೊಳಗೆ ಒಂದು ಸರಪಳಿ ಹಾವಿನ ಹಾಗೆ ತಲೆ ತೂರಿಸಿಕೊಂಡೇ ಮುಂದೆ ಹೋಗಬೇಕು ಅಂತ ಫ್ರಾನ್ಸಿನ ಡಿ ಜೆನ್ 1971ರಲ್ಲೇ ಬರೆದರು. 1991ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಎರಡು ಲಕ್ಷಕ್ಕೂ ಜಾಸ್ತಿ ಕಾರ್ಬನ್ ಇರುವ ಪಾಲಿಥಿನ್ ಕೂಡ ಇದೆ. ಅದನ್ನು ಪುಡಿಯಾಗಿಯೇ ಬಿಸಿಮಾಡಿ ಒತ್ತಿ ಅಚ್ಚು ಮಾಡುತ್ತಾರೆ. ಸವೆಯೋದು ಬಹಳ ಕಡಿಮೆ, ಕೃತಕ ಮಂಡಿಗೆ ಹಾಕುತ್ತಾರೆ.

ಅತ್ತೆ: ಅಯ್ಯೋ, ನನ್ನ ಮಂಡಿಯಲ್ಲಿರೋದು ಟಾರ್ಪಾಲಾ?

ತಂಗಿ: ಅದರ ದೊಡ್ಡಣ್ಣ ಅತ್ತೆ 😄 ಒಳಗೆ ಬಿಸಿಲು ಬೀಳಲ್ಲ, ಹೆದರಬೇಡಿ.

ಚಿಕ್ಕಪ್ಪ: ತೋಟದ ಕಪ್ಪು ಪೈಪು ವರ್ಷಗಟ್ಟಲೆ ಬಿಸಿಲಲ್ಲೇ ಬಿದ್ದಿದೆ. ಅದಕ್ಕೇನೂ ಆಗಿಲ್ಲ.

ತಂಗಿ: ಅದರಲ್ಲಿ ಶೇ. 2ರಷ್ಟು ಕಾರ್ಬನ್ ಮಸಿ ಇರುತ್ತದೆ. ಕಿರಣ ಒಳಗೆ ಇಳಿಯದಂತೆ ಅದು ತಡೆಯುತ್ತದೆ. ಟಾರ್ಪಾಲಿಗೂ ಬಿಸಿಲು ತಡೆಯುವ ರಾಸಾಯನಿಕ ಹಾಕಬೇಕು. ಅಗ್ಗದ್ದರಲ್ಲಿ ಉಳಿಸೋದು ಅಲ್ಲೇ.

ಚಿಕ್ಕಪ್ಪ: ಅಂದರೆ ಮೋಸ ಆಗಿದೆ ತಾನೇ! ನಾನು ಹೇಳಿದ್ದೂ ಅದೇ.

ನಾನು: ಮೇಣ ಬೆರೆಸಿ ಅಲ್ಲ ಚಿಕ್ಕಪ್ಪ. ಹಾಕಬೇಕಾದ್ದು ಹಾಕದೆ. ಆ ಫಾರ್ವರ್ಡ್ ಡಿಲೀಟ್ ಮಾಡಿ.

ಚಿಕ್ಕಪ್ಪ: ಅಡಿಕೆ ಗುಂಪಿಗೆ ಆಗಲೇ ಕಳಿಸಿ ಆಯ್ತು.

ಅತ್ತೆ: ಅದಿರಲಿ, ಹರಿಯದ ಅಂಚು ಎಷ್ಟುದ್ದ ಇದೆ? ನಮ್ಮ ಪಂಪಿಗೆ ಮುಚ್ಚೋಕೆ ಬೇಕಿತ್ತು.