ತೆಳು ಬಣ್ಣದ ಬರೋಲೊ ಗಟ್ಟಿ ವೈನ್ ಹೇಗಾಗುತ್ತದೆ?

ಪ್ರಶ್ನೆ – ವಿರಾಜಪೇಟೆಯ ಬೆಳೆಗಾರ

ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ದ್ರಾಕ್ಷಿ ವೈನ್ ಮಾಡುವ ರೂಢಿಯಿದ್ದು, ಬಣ್ಣ ಕಪ್ಪಾದಷ್ಟೂ ವೈನ್ ಗಟ್ಟಿ ಎಂದೇ ನಂಬಿಕೊಂಡು ಬಂದಿದ್ದೇವೆ. ಇಟಲಿಯಿಂದ ಬಂದ ತಂಗಿ 2019ರ ಬರೋಲೊ ಎರಡು ಬಾಟಲಿ ತಂದುಕೊಟ್ಟಳು. ನಿನ್ನೆ ಒಂದನ್ನು ತೆರೆದು ಲೋಟಕ್ಕೆ ಬಗ್ಗಿಸಿದರೆ, ಹಿಂದೆ ಹಿಡಿದ ಬೆರಳು ಕಾಣುವಷ್ಟು ತೆಳುವಾದ ಕೆಂಪು; ಅಂಚಿನಲ್ಲಿ ಹೆಂಚಿನ ಬಣ್ಣ. ಆದರೆ ಮೊದಲ ಗುಟುಕಿಗೇ ಎಳೆ ಅಡಿಕೆ ಜಗಿದಂತೆ ಒಸಡು ಬಿಗಿಯಿತು. ಬಾಟಲಿ ಕೆಟ್ಟಿದೆಯೇ? ಇನ್ನೊಂದನ್ನು ಪುತ್ತರಿಯ ದಿನ ಪಂದಿ ಕರಿಯೊಂದಿಗೆ ತೆರೆಯಬಹುದೇ?

ಉತ್ತರ – ಮಡಿಕೇರಿಯ ಓದುಗ

ಬಾಟಲಿ ಕೆಟ್ಟಿಲ್ಲ. ಚಿಕೋರಿ ಬೆರೆಸಿದ ಡಿಕಾಕ್ಷನ್ ಕಪ್ಪಗಿದ್ದ ಮಾತ್ರಕ್ಕೆ ಅದು ಗಟ್ಟಿ ಕಾಫಿಯಲ್ಲವೆಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ವಿಷಯವೇ. ಬರೋಲೊವನ್ನು ನೆಬ್ಬಿಯೋಲೊ ಎಂಬ ಒಂದೇ ತಳಿಯಿಂದ ಮಾಡಬೇಕು, ಬೇರೆ ದ್ರಾಕ್ಷಿ ಬೆರೆಸುವಂತಿಲ್ಲ. ಈ ಹಣ್ಣಿನ ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಒಗರು ವಿಪರೀತ. ವೈನಿನ ಮೈಕಟ್ಟು ನಿಂತಿರುವುದು ಆ ಒಗರು, ಹುಳಿ ಮತ್ತು ಕನಿಷ್ಠ ಶೇ. 13ರಷ್ಟಿರುವ ಆಲ್ಕೋಹಾಲಿನ ಮೇಲೆ.

ವಾಯವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದಲ್ಲಿ, ಆಲ್ಬಾ ಪಟ್ಟಣದ ಸಮೀಪದ ಲಾಂಗೆ ಗುಡ್ಡಗಳಲ್ಲಿರುವ 11 ಊರುಗಳಲ್ಲಿ ಮಾತ್ರ ಇದು ತಯಾರಾಗುತ್ತದೆ. ನೆಬ್ಬಿಯೋಲೊ ತಡವಾಗಿ ಮಾಗುವ ತಳಿಯಾದ್ದರಿಂದ ಬಿಸಿಲು ಚೆನ್ನಾಗಿ ಬೀಳುವ ಇಳಿಜಾರುಗಳನ್ನೇ ಅದಕ್ಕೆ ಮೀಸಲಿಡುತ್ತಾರೆ. ಕೊಯ್ಲಿನ ಹೊತ್ತಿಗೆ, ಅಕ್ಟೋಬರಿನಲ್ಲಿ, ಕಣಿವೆಗಳಲ್ಲಿ ಮಂಜು ತುಂಬಿರುತ್ತದೆ. ಮಂಜಿಗೆ ಇಟಾಲಿಯನ್ನಿನಲ್ಲಿ ‘ನೆಬ್ಬಿಯಾ’ ಎನ್ನುತ್ತಾರೆ, ತಳಿಯ ಹೆಸರು ಅದರಿಂದಲೇ ಬಂದಿತೆಂಬ ಮಾತು ಪ್ರಚಲಿತವಾಗಿದೆ. ಮಣ್ಣೂ ಮುಖ್ಯ: ಆ ಊರುಗಳ ಪೈಕಿ ಲಾ ಮೊರ್ರಾ ಕಡೆಯ ವೈನ್ ಸ್ವಲ್ಪ ಮೃದುವಾಗಿ, ಬೇಗ ಹದಕ್ಕೆ ಬರುತ್ತದೆ, ಸೆರ್ರಲುಂಗಾದ್ದು ಬಿಗಿಯಾಗಿದ್ದು ವರ್ಷಗಟ್ಟಲೆ ಕಾಯಿಸುತ್ತದೆ. ಮಾರಾಟಕ್ಕೆ ಮುನ್ನ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಮಾಗಬೇಕೆಂಬ ನಿಯಮವಿದೆ. ಅಷ್ಟಾದರೂ 2019ರದ್ದು ಇನ್ನೂ ಎಳೆಯದೇ.

ಉತ್ತರ – ಗೋಣಿಕೊಪ್ಪದ ಗೃಹಿಣಿ

ಪಂದಿ ಕರಿಯ ಕೊಬ್ಬು ಈ ಒಗರನ್ನು ತಗ್ಗಿಸುತ್ತದೆ, ಕಾಚಂಪುಳಿಯ ಹುಳಿಗೆ ಬರೋಲೊದ ಸ್ವಂತ ಹುಳಿ ಸರಿಸಾಟಿಯಾಗಿ ನಿಲ್ಲುತ್ತದೆ. ಹುಳಿ ಕಡಿಮೆಯಿರುವ ವೈನಾದರೆ ಆ ಕರಿಯ ಮುಂದೆ ಸಪ್ಪೆಯಾಗುತ್ತಿತ್ತು. ತೊಂದರೆ ಇರುವುದು ಖಾರದಲ್ಲಿ. ಹಸಿಮೆಣಸು, ಕರಿಮೆಣಸು ಹೆಚ್ಚಾದರೆ ಒಗರೂ ಆಲ್ಕೋಹಾಲಿನ ಉರಿಯೂ ಎದ್ದು ಬರುತ್ತವೆ. ಆದ್ದರಿಂದ ಕರಿಮೆಣಸನ್ನು ಅರ್ಧಕ್ಕಿಳಿಸಿ, ಮಸಾಲೆ ಕಪ್ಪಗಾಗುವಂತೆ ಹುರಿದು, ಕಡಂಬುಟ್ಟಿನೊಂದಿಗೆ ಬಡಿಸಿ. ಊಟಕ್ಕೆ ಎರಡು ಮೂರು ಗಂಟೆ ಮೊದಲೇ ಬಾಟಲಿ ತೆರೆದು ಅಗಲ ಬಾಯಿಯ ಗಾಜಿನ ಹೂಜಿಗೆ ಸುರಿದಿಡಿ. ಅಲ್ಲಿಯವರೆಗೆ ಬಾಟಲಿಯನ್ನು ಅಡುಗೆಮನೆಯ ಅಟ್ಟದ ಮೇಲೆ ಇಡಬೇಡಿ. ಒಲೆಯ ಕಾವು ತಾಗದ, ಕತ್ತಲ ಕೋಣೆಯಲ್ಲಿ ಅಡ್ಡಲಾಗಿ ಮಲಗಿಸಿಡಿ, ಬಿರಡೆ ಒಣಗಬಾರದು.

ನನ್ನನ್ನು ಕೇಳಿದರೆ, ಈ ಪುತ್ತರಿಗೂ ತೆರೆಯದೆ ಇನ್ನೈದು ವರ್ಷ ಕಾಯಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಿನ್ನೆಯ ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಇಂದು ಸಂಜೆ ಮತ್ತೆ ಸವಿದು ನೋಡಿದೆ. ಒಗರು ನಿನ್ನೆಯಷ್ಟು ಹಿಡಿಯಲಿಲ್ಲ, ಒಣಗಿದ ಗುಲಾಬಿ ದಳದ ವಾಸನೆ ಸ್ಪಷ್ಟವಾಗಿ ಬಂತು, ಅದರ ಹಿಂದೆಯೇ ಹೊಸ ಡಾಂಬರಿನದೂ. ಇನ್ನೊಂದು ಬಾಟಲಿಯನ್ನು ಭತ್ತದ ಕಣಜದ ಪಕ್ಕದ ಕೋಣೆಯಲ್ಲಿ ಮಲಗಿಸಿಟ್ಟಿದ್ದೇನೆ.