ಚಾನ್ಸನ್‌ಕಾರ್ಟೆ (ಅಲ್ಲಿಗೇ ಹೋಗಿ ಕೆಲಸ ಹುಡುಕೋಕೆ ಕೊಡೋ ವೀಸಾ) ನಂಬಿ ಕೆಲಸ ಬಿಟ್ಟು ಜರ್ಮನಿಗೆ ಹೋಗಬಹುದಾ? ಹೋಗಿಬಂದವರು ಹೇಳಿ

ನೀಲಿಹಕ್ಕಿ: ಮೆಕ್ಯಾನಿಕಲ್ ಡಿಸೈನ್‌ನಲ್ಲಿ ಏಳು ವರ್ಷ. ವಯಸ್ಸು 33, ಜರ್ಮನ್ ಎ2 (ಭಾಷೆಯ ಹಂತಗಳು ಎ1, ಎ2, ಬಿ1, ಬಿ2 ಹೀಗೆ ಏರ್ತವೆ). ಆ ವೀಸಾಕ್ಕೆ ಬೇಕಾದ ಆರು ಪಾಯಿಂಟ್ ಆಗ್ತಿದೆ. ಕೆಲಸ ಬಿಟ್ಟು ಹೋಗಿ ಅಲ್ಲೇ ಹುಡುಕಲಾ?

ಹೋಗಿಬಂದವನು: ಬಿಡಬೇಡಿ. ನಾನು 2024ರ ನವೆಂಬರ್‌ನಲ್ಲಿ ಹೋದೆ. ಡಿಗ್ರಿ ಸಮಾನತೆ ಪತ್ರಕ್ಕೆ 208 ಯೂರೋ, ವೀಸಾಕ್ಕೆ 75, ಬ್ಲಾಕ್ಡ್ ಅಕೌಂಟ್‌ಗೆ (ಖರ್ಚಿನ ದುಡ್ಡು ಮೊದಲೇ ಕಟ್ಟಿ, ತಿಂಗಳಿಗೆ ಇಷ್ಟು ಅಂತ ವಾಪಸ್ ಪಡೆಯೋ ಖಾತೆ) 12,324. 2025ರಿಂದ ಅದೂ ಏರಿ ತಿಂಗಳಿಗೆ 1,091ರ ಲೆಕ್ಕ ಆಗಿದೆ. ನನ್ನ ಕೈಗೆ ತಿಂಗಳಿಗೆ ಬರ್ತಿದ್ದದ್ದು 1,027, ರೂಮಿಗೇ 640. ಮನೆ ಕೊಡೋರು ಮೂರು ತಿಂಗಳ ಸಂಬಳದ ಚೀಟಿ ಕೇಳ್ತಾರೆ, ಸಂಬಳವೇ ಇಲ್ಲದವನು ಎಲ್ಲಿಂದ ತರಲಿ? ಒಳಬಾಡಿಗೆಗೆ ಸೇರಿದೆ. ಅವರು ವಿಳಾಸ ನೋಂದಣಿಗೆ ಸಹಿ ಹಾಕಲ್ಲ ಅಂದ್ರು, ಏಳು ವಾರ ಅಲ್ಲೇ ಹೋಯ್ತು. 143 ಅರ್ಜಿ, ಐದು ಸಂದರ್ಶನ. ಒಂದು ಕಡೆ ಎರಡು ವಾರ ಟ್ರಯಲ್ ಕೊಟ್ರು. ಗೇರ್‌ಬಾಕ್ಸ್ ಹೌಸಿಂಗ್ ಡ್ರಾಯಿಂಗ್ ಪೂರ್ತಿ ತಿದ್ದಿಕೊಟ್ಟೆ. ಕೊನೇ ದಿನ ಟೀಮ್ ಲೀಡ್ ಕೈ ಕುಲುಕಿ, ಡ್ರಾಯಿಂಗ್ ಚೆನ್ನಾಗಿದೆ, ವರ್ಕ್‌ಶಾಪ್‌ನವರ ಹತ್ತಿರ ಮಾತಾಡೋಕೆ ನಿಮಗೆ ಬರಲ್ವಲ್ಲ ಅಂದ. ಹನ್ನೊಂದನೇ ತಿಂಗಳಿಗೆ ವಾಪಸ್. ಅಪ್ಪನ ದುಡ್ಡು ಇನ್ನೂ ತೀರಿಸ್ತಿದ್ದೀನಿ.

ಬಿ2 ನರ್ಸ್: ಆ ಟೀಮ್ ಲೀಡ್ ಸರಿಯಾಗೇ ಹೇಳಿದ್ದಾರೆ. ನಾನು ಬಿ2 ಆಗದೆ ವಿಮಾನ ಹತ್ತಲಿಲ್ಲ. ಕೇಳುವ ಪರೀಕ್ಷೆಯಲ್ಲಿ ಮೊದಲ ಸಲ 57, ಎರಡನೇ ಸಲ 53. ಪಾಸಿಗೆ 60 ಬೇಕು. ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅಲ್ಲೇ ನಿದ್ದೆ ಹೋಗ್ತಿದ್ದೆ. ಮೂರನೇ ಸಲ 70. ಬಂದಮೇಲೂ ನಿಮ್ಮ ಓದಿನಲ್ಲಿ ಇಂಥಿಂಥ ಕೊರತೆ ಅಂತ ಪತ್ರ. ಮಾನ್ಯತೆ ಪರೀಕ್ಷೆ ಮುಗಿಯೋವರೆಗೆ ಹತ್ತು ತಿಂಗಳು ಸಹಾಯಕಿಯ ಸಂಬಳ. ಒಂಬತ್ತು ವರ್ಷ ಐಸಿಯು ನೋಡಿದವಳು ಊಟದ ಟ್ರೇ ಎತ್ತಿದೆ. ಇವತ್ತು ಅದೇ ವಾರ್ಡಿನಲ್ಲಿ ಶಿಫ್ಟ್ ಜವಾಬ್ದಾರಿ ನಂದು.

ಹೋಗಿಬಂದವನು: ಮೇಡಂ, ನಿಮ್ಮನ್ನ ಆಸ್ಪತ್ರೆಯೇ ಕರೆಸಿಕೊಂಡಿತ್ತು. ಟಿಕೆಟ್ ಯಾರು ಕೊಟ್ರು ಅದನ್ನೂ ಬರೀರಿ. ಎ1 ಸಾಕು ಅಂತ ಕಾನೂನೇ ಹೇಳುತ್ತೆ, ನಾನೇನು ಕಳ್ಳದಾರಿ ಹಿಡಿದಿದ್ನಾ?

ಬಿ2 ನರ್ಸ್: ಟಿಕೆಟ್ ಅವರೇ ಕೊಟ್ರು, ಪರೀಕ್ಷೆ ನಾನೇ ಬರೆದೆ ಕಣ್ರೀ. ಎ1 ಸಾಕಾಗೋದು ವೀಸಾಕ್ಕೆ.

ಬ್ಲೂಕಾರ್ಡ್: ನಾನು ಕೆಲಸದಲ್ಲಿದ್ದುಕೊಂಡೇ ಎಂಟು ತಿಂಗಳು ಅರ್ಜಿ ಹಾಕಿದೆ. ಕರಾರು ಕೈಗೆ ಬಂದಮೇಲೇ ರಾಜೀನಾಮೆ. 2025ರಲ್ಲಿ ಇಂಜಿನಿಯರ್‌ಗಳ ಬ್ಲೂ ಕಾರ್ಡ್‌ಗೆ (ಕೆಲಸ ಸಿಕ್ಕ ಪದವೀಧರರಿಗೆ ಕೊಡೋ ಪರವಾನಗಿ) ವರ್ಷಕ್ಕೆ 43,759.80 ಯೂರೋ ಸಂಬಳ ಇರಬೇಕಿತ್ತು, ನಂದು 47,000. ಬಿ1 ಆದ್ರೆ 21 ತಿಂಗಳಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ನನ್ನ ಹೊಟ್ಟೆ ಉರಿಸಿದ್ದು ಮನೆ. ಮೂರು ತಿಂಗಳ ಬಾಡಿಗೆ ಡೆಪಾಸಿಟ್ ಕಟ್ಟಿ ಬಾಗಿಲು ತೆಗೆದರೆ ಅಡುಗೆಮನೆಯಲ್ಲಿ ಸಿಂಕೂ ಇಲ್ಲ. ಗೋಡೆಯಿಂದ ಎರಡು ಪೈಪು ಚಾಚಿಕೊಂಡಿವೆ ಅಷ್ಟೇ. ಐದು ವಾರ ಬಾತ್‌ಟಬ್ಬಿನಲ್ಲಿ ಪಾತ್ರೆ ತೊಳೆದೆ.

ಬಿ2 ನರ್ಸ್: ಹಿಂದಿನ ಬಾಡಿಗೆಯವರ ಅಡುಗೆಮನೆ ಕೊಂಡುಕೊಳ್ಳೋದಲ್ವಾ? ನಾನು 900ಕ್ಕೆ ತಗೊಂಡೆ.

ಬ್ಲೂಕಾರ್ಡ್: 2,800 ಕೇಳಿದ್ರು! ಓವನ್ ಬಾಗಿಲೇ ಮುಚ್ಚುತ್ತಿರಲಿಲ್ಲ. ಬೇಡ ಅಂದಿದ್ದಕ್ಕೆ ಎಲ್ಲಾ ಬಿಚ್ಚಿಕೊಂಡು ಹೋದ್ರು. ಹೊಸದಕ್ಕೆ 3,460, ಪ್ಲಂಬರ್‌ಗೆ 210.

ಬಿ2 ನರ್ಸ್: ಚೌಕಾಸಿ ಮಾಡೋಕೂ ಭಾಷೆ ಬೇಕು.

ಬ್ಲೂಕಾರ್ಡ್: ನನ್ನ ಜರ್ಮನ್ ಬಗ್ಗೆ ನಿಮಗೇನು ಗೊತ್ತು? ಎಲ್ಲದಕ್ಕೂ ಅದೇ ಉಪದೇಶ ಸಾಕು.

ನೀಲಿಹಕ್ಕಿ: ನನ್ನ ನೋಟಿಸ್ ಪೀರಿಯಡ್ ಮೂರು ತಿಂಗಳು. ಅಷ್ಟು ದಿನ ಅವರು ಕಾಯ್ತಾರಾ?

ಬ್ಲೂಕಾರ್ಡ್: ಕಾಯ್ತಾರೆ. ಅಲ್ಲೂ ಮೂರು ತಿಂಗಳ ನೋಟಿಸ್ ಮಾಮೂಲಿ.

ಹೋಗಿಬಂದವನು: ನಾಳೆಯೇ ಸೇರ್ತೀನಿ ಅಂತ 143 ಅರ್ಜಿಯಲ್ಲೂ ಬರೆದಿದ್ದೆ ನಾನು.