ಸೊಂಟದ ಸುತ್ತಳತೆಗೆ 102/88 ಹಿಡಿಯಬೇಕೋ, 90/80 ಹಿಡಿಯಬೇಕೋ?

ಪ್ರಶ್ನೆ (ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯ ಸ್ನಾತಕೋತ್ತರ ವಿದ್ಯಾರ್ಥಿನಿ, ತುಮಕೂರು):
ನಮಸ್ಕಾರ. ನಮ್ಮ ಕಡೆ ಹಳ್ಳಿಗಳಲ್ಲಿ ಮೂವತ್ತು ದಾಟಿದವರಲ್ಲಿ ಮೆಟಬಾಲಿಕ್ ಸಿಂಡ್ರೋಮ್ (ದಪ್ಪ ಸೊಂಟ, ಹೆಚ್ಚಿದ ಬಿ.ಪಿ., ಸಕ್ಕರೆ, ರಕ್ತದ ಕೊಬ್ಬಿನ ಏರುಪೇರು ಇವುಗಳಲ್ಲಿ ಹಲವು ಒಟ್ಟಿಗೆ ಇರೋದು) ಎಷ್ಟಿದೆ ಅಂತ ನೋಡೋದು ನನ್ನ ಪ್ರಾಜೆಕ್ಟ್. 2001ರ ಎಟಿಪಿ-3 (ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿ) ಪ್ರಕಾರ ಸೊಂಟದ ಮಿತಿ ಗಂಡಸರಿಗೆ 102 ಸೆಂ.ಮೀ., ಹೆಂಗಸರಿಗೆ 88. ಬೇರೆ ಪೇಪರ್‌ಗಳಲ್ಲಿ 90, 80. ಯಾವುದು ಸರಿ? ಬಿ.ಪಿ. ಮಾತ್ರೆ ತಗೊಳ್ಳೋ ಅಜ್ಜಿಯೊಬ್ಬರಿಗೆ 124/80 ಬಂತು, ಅವರನ್ನ ಹೇಗೆ ಬರೆಯಲಿ? ಲಿಪಿಡ್ (ರಕ್ತದ ಕೊಬ್ಬು) ಪರೀಕ್ಷೆಗೆ ದುಡ್ಡು ಸಾಲದಿದ್ದರೆ ಎನ್‌ಎಫ್‌ಎಚ್‌ಎಸ್-5 (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ) ಡೇಟಾ ಸಾಕಾ?

ಉತ್ತರ 1 (ಅಂಕಿಅಂಶ ವಿಭಾಗ):
ಐಡಿಎಫ್ (ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ) ಮತ್ತಿತರ ಸಂಸ್ಥೆಗಳ 2009ರ ಜಂಟಿ ಹೇಳಿಕೆ ಅನುಸರಿಸಿ: ಐದು ಅಂಶಗಳಲ್ಲಿ (ಸೊಂಟ, ಬಿ.ಪಿ., ಖಾಲಿ ಹೊಟ್ಟೆಯ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್) ಯಾವುದಾದರೂ ಮೂರು ಕೆಟ್ಟಿದ್ದರೆ ಸಿಂಡ್ರೋಮ್. ಸೊಂಟಕ್ಕೆ 90/80, ದಕ್ಷಿಣ ಏಷ್ಯಾದವರಿಗೆ ಅದೇ. 2005ರ ಐಡಿಎಫ್ ವ್ಯಾಖ್ಯೆಯಲ್ಲಿ ಸೊಂಟ ಕಡ್ಡಾಯ, ಇದರಲ್ಲಿ ಅಲ್ಲ. ಎನ್‌ಎಫ್‌ಎಚ್‌ಎಸ್-5ರಲ್ಲಿ ಸೊಂಟದ ಅಳತೆ, ಬಿ.ಪಿ. ಇವೆ. ಆದರೆ ಸಕ್ಕರೆ ಖಾಲಿ ಹೊಟ್ಟೆಯದಲ್ಲ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಇಲ್ಲವೇ ಇಲ್ಲ. ಅದರಿಂದ ಸಿಂಡ್ರೋಮ್ ಲೆಕ್ಕ ಹಾಕಲಾಗದು.

ಉತ್ತರ 2 (ಫೀಲ್ಡ್ ಸೂಪರ್‌ವೈಸರ್):
ತಂಗಿ, ಆ ಅಜ್ಜಿಗೆ ಬಿ.ಪಿ. "ಇದೆ" ಅಂತಲೇ ಬರಿ. ಮಾತ್ರೆ ನುಂಗ್ತಿರೋದರಿಂದ ತಾನೇ 124 ಬಂದಿರೋದು? ಅವರನ್ನ ಬಿಟ್ಟರೆ, ಆಶಾ ಕಾರ್ಯಕರ್ತೆಯರು ಮನೆಮನೆ ಓಡಾಡಿ ಮಾತ್ರೆ ತಲುಪಿಸಿದ ಊರೇ ರೋಗವಿಲ್ಲದ ಊರಾಗಿ ಕಾಣುತ್ತೆ. ಮಾತ್ರೆ ಚೀಟಿ ಕೇಳಿ ನೋಡು, ಎಷ್ಟೋ ಜನಕ್ಕೆ ಅದು ಯಾವುದಕ್ಕೆ ಅಂತ ಗೊತ್ತಿರಲ್ಲ.

90ಕ್ಕಿಂತ ನನಗೆ ಚಿಂತೆ ಟೇಪಿನದು. ಲಂಗದ ಲಾಡಿ ಕಟ್ಟೋ ಜಾಗದಲ್ಲಿ ಅಳೆದರೆ ಕೆಲಸ ಕೆಡುತ್ತೆ. ಕೊನೆ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಕೊನೆಗೆ, ಟೇಪು ನೆಲಕ್ಕೆ ಸಮವಾಗಿರಬೇಕು. ಸೀರೆ ಮೇಲೆ ಅಳೆಯಬೇಡ. ಒಳಗೆ ಮರೆ ಮಾಡಿ, ಹೆಣ್ಣುಮಕ್ಕಳೇ ಅಳೆಯಲಿ. 79ಕ್ಕೂ 81ಕ್ಕೂ ಒಬ್ಬ ಹೆಂಗಸಿನ ಲೆಕ್ಕವೇ ಬದಲಾಗುತ್ತಲ್ಲ.

ಇನ್ನು ಖಾಲಿ ಹೊಟ್ಟೆ. "ತಿಂಡಿ ಆಯ್ತಾ?" ಅಂದರೆ "ಇಲ್ಲ" ಅಂತಾರೆ, ಬೆಳಗ್ಗೆ ಆರಕ್ಕೇ ಸಕ್ಕರೆ ಹಾಕಿದ ಟೀ ಕುಡಿದಿರ್ತಾರೆ. "ಟೀ, ಕಾಫಿ, ಹಾಲು ಏನಾದ್ರೂ ಕುಡಿದ್ರಾ?" ಅಂತ ಬಿಡಿಸಿ ಕೇಳು. ಹಿಂದಿನ ಸಂಜೆಯೇ ಹೇಳಿ ಬಾ.

ಪ್ರಶ್ನೆ ಕೇಳಿದವಳು:
ಅಕ್ಕಾ, ತುಂಬ ಉಪಕಾರ. ಲಾಡಿಯ ಜಾಗದಲ್ಲೇ ಅಳೆಯೋದನ್ನ ನಾನೂ ನೋಡಿದ್ದೀನಿ. ಲಿಪಿಡ್‌ಗೆ ದುಡ್ಡು ಹೊಂದಿಸೋಕೆ ಊರುಗಳ ಸಂಖ್ಯೆ ಕಡಿಮೆ ಮಾಡ್ತೀನಿ. ಅಳೆಯೋರು ಇಬ್ಬರಿದ್ದರೆ?

ಉತ್ತರ 2:
ಮೊದಲ ದಿನ ಅದೇ ಜನರನ್ನ ಇಬ್ಬರೂ ಬೇರೆ ಬೇರೆ ಅಳೆಯಲಿ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣಬಾರದು. ಎರಡು ಸೆಂ.ಮೀ. ಮೇಲೆ ವ್ಯತ್ಯಾಸ ಬಂದರೆ ಕೂರಿಸಿ ಮತ್ತೆ ಕಲಿಸು, ಆಮೇಲೇ ಊರಿಗೆ ಕಳಿಸು.